ಖಾಲಿ ತೂಕ

ಕಬ್ಬಿನ ಗಾಡಿ ಮೊದಲು ತುಂಬಿಕೊಂಡು ಬರುತ್ತದೆ,
ತೂಗುತ್ತೇನೆ. ಒಳಗೆ ಹೋಗಿ ಸುರಿದು
ಖಾಲಿ ಬರುತ್ತದೆ, ಮತ್ತೆ ತೂಗುತ್ತೇನೆ.
ಅದರಲ್ಲಿ ಇದು ಕಳೆದರೆ ಕಬ್ಬು.
ಸೋಗೆಗೆ, ಮಣ್ಣಿಗೆ ಎಂದು ಇಷ್ಟು ಮುರಿದು
ಚೀಟಿ ಹರಿದು ಕಿಂಡಿಯಲ್ಲಿ ಕೊಡುತ್ತೇನೆ.
ಹನ್ನೊಂದು ವರ್ಷ ಇದೇ ಲೆಕ್ಕ.
ಮಂಡ್ಯದ ಅರ್ಧ ಟ್ರ್ಯಾಕ್ಟರುಗಳ ಖಾಲಿ ತೂಕ
ನನಗೆ ಬಾಯಿಪಾಠ.

ಗುತ್ತಲು ರಸ್ತೆಯ ಜಬೀವುಲ್ಲಾನ ಅಂಗಡಿಯಿಂದ
ಸೆಕೆಂಡ್ ಹ್ಯಾಂಡು, ಹದಿನಾಲ್ಕು ಸಾವಿರ, ಎರಡು ಕಂತು,
ಮಗಳಿಗೆಂದು ತಂದ ಈ ಕಪ್ಪು ವಿಡಿಯೋ ಗೇಮ್ ಪೆಟ್ಟಿಗೆ
ಮೂರು ಕೆಜಿಗೆ ಕೊಂಚ ಕಮ್ಮಿ;
ದಾರಿಯಲ್ಲಿ ದಿನಸಿ ಅಂಗಡಿಯ ತಕ್ಕಡಿಗಿಟ್ಟು ನೋಡಿದ್ದೆ, ಚಪಲ.
ಅದೊಂದರ ಲೆಕ್ಕ ಮಾತ್ರ ಹತ್ತುತ್ತಿಲ್ಲ.

ಕಳೆಯುವುದನ್ನು ಮೊದಲು ಹೇಳಿಬಿಡುತ್ತೇನೆ.
ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಹೊಡೆದುಕೊಳ್ಳುತ್ತದೆ.
ಬೆನ್ನ ಮೇಲೆ ಹಪ್ಪಳ ಒಣಗಿಸಬಹುದು.
ಒಂದು ಹೊಸ ಆಟಕ್ಕೆ ಕೇಳುವ ದುಡ್ಡಿನಲ್ಲಿ
ತಿಂಗಳ ದಿನಸಿ ಬಂದು ಮೇಲೆ ಕೊತ್ತಂಬರಿ ಕೊಸರು.
ಡಿಸ್ಕು ಹಾಕಿದರೆ ಸಾಕು, ಆಟ ಶುರು ಎಂದುಕೊಂಡಿದ್ದೆ,
ನಲವತ್ತು ಜಿಬಿ ಇಳಿಸಿಕೋ ಎಂದಿತು.
ಪಕ್ಕದ ಮನೆಯ ಪ್ರಭಾಮಣಿಯ ವೈಫೈಯನ್ನು
ಮೂರು ರಾತ್ರಿ ಕಾಡಿ ಬೇಡಿದ್ದಾಯಿತು.
ಟೀವಿ ಇರುವುದೊಂದು. ಏಳಕ್ಕೆ ಅತ್ತೆಯ ಧಾರಾವಾಹಿ.
ಮೊನ್ನೆ ಇಂಚರ ಜ್ವರವೆಂದು ಟ್ಯೂಷನ್ನು ತಪ್ಪಿಸಿದಳು.
ಹಣೆ ಮುಟ್ಟಿದೆ, ತಣ್ಣಗೆ.
ಪೆಟ್ಟಿಗೆ ಮುಟ್ಟಿದೆ, ಸುಡುಸುಡು.
ಜ್ವರ ಇದ್ದದ್ದು ಅದಕ್ಕೆ.

ಇನ್ನು ಕೂಡುವುದು.
ಕೇಳಿದರೆ ತಡವರಿಸುತ್ತೇನೆ.
ಕೂದಲು ಕತ್ತರಿಸಿಕೊಂಡದ್ದಕ್ಕೋ, ಮೊಬೈಲಿಗೋ
ಅಪ್ಪ ಮಗಳಿಗೆ ಐದು ತಿಂಗಳಿಂದ ಮಾತಿಲ್ಲ.
ನಡುವೆ ನಾನು ಅಂಚೆಯವಳು,
ಊಟಕ್ಕೆ ಬರಬೇಕಂತೆ, ಬೇಡವಂತೆ.
ಒಂದು ಭಾನುವಾರ ಒಂದೊಂದು ರಿಮೋಟು ಹಿಡಿದು
ಇಬ್ಬರೂ ಒಂದೇ ತಂಡಕ್ಕೆ ಫುಟ್‌ಬಾಲು ಆಡಿದರು.
ಕೊಡು. ಇಲ್ಲಿ ಕೊಡು. ಥೂ. ಒದಿ ಒದಿ.
ಅಡುಗೆಮನೆಯಲ್ಲಿ ಹುಣಿಸೆ ಕಿವುಚುತ್ತಿದ್ದವಳು
ಕೈ ನೀರಲ್ಲೇ ಬಿಟ್ಟು ಕೇಳಿಸಿಕೊಂಡೆ.
ನಾಲ್ಕು ಮಾತು, ಅದರಲ್ಲೊಂದು ಥೂ.
ಇದಕ್ಕೆ ಎಷ್ಟು ಕ್ವಿಂಟಾಲು ಬರೆಯಲಿ?

ಎರಡನೆಯ ರಿಮೋಟಿಗೊಂದು ರೋಗ.
ಅಣಬೆಯಂಥ ಎಡದ ಕಡ್ಡಿ
ಮುಟ್ಟದಿದ್ದರೂ ಎಡಕ್ಕೇ ಎಳೆಯುತ್ತದೆ.
ತರುವಾಗ ಜಬೀವುಲ್ಲಾ ಬಾಯಿ ಬಿಟ್ಟಿರಲಿಲ್ಲ.
ಜಗಳಕ್ಕೆ ಹೋದರೆ, "ಆಡಿ ಆಡಿ ಸವೆದಿದೆ ಅಕ್ಕಾ,
ಹೊಸದು ಮೂರೂವರೆ ಸಾವಿರ, ತರಿಸ್ಲಾ?"
ಅದು ಮೂಲೆ ಸೇರಿತು.

ಕೇಬಲ್ಲು ಕೆಟ್ಟ ಒಂದು ಸಂಜೆ
ಅತ್ತೆ ದೇವೀರಮ್ಮ ಅದನ್ನು ಕೈಗೆತ್ತಿಕೊಂಡರು.
ಹೊಲ ಮಾಡುವ ಆಟ. ಇಂಚರ ಹಾಕಿಕೊಟ್ಟಳು.
ಉತ್ತರು, ಬಿತ್ತರು, ಮೂರು ನಿಮಿಷಕ್ಕೆ ಪೈರು.
"ಒಂದ್ ಕಳೆನೂ ಇಲ್ವಲ್ಲವ್ವ, ಇದ್ಯಾವ ಸೀಮೆ ಹೊಲ"
ಎಂದು ಸೆರಗು ಬಾಯಿಗಿಟ್ಟು ನಕ್ಕರು.
ಟ್ರ್ಯಾಕ್ಟರು ತಾನಾಗೇ ಎಡಕ್ಕೆ ಸರಿದಾಗ ನಗಲಿಲ್ಲ.
"ಎಡಕ್ಕೆ ಜಗ್ಗೋ ಎತ್ತು ಇದು,
ಹಗ್ಗ ಬಲಕ್ಕೆ ಬಿಗಿ ಇರ್ಬೇಕು" ಎನ್ನುತ್ತಾ
ಹೆಬ್ಬೆರಳನ್ನು ಒಂದೇ ಒಂದು ಚೂರು ಓರೆ ಮಾಡಿ
ಆ ಬದುವಿನಿಂದ ಈ ಬದುವಿಗೆ
ಎಳೆದರು ಸಾಲು, ದಾರ ಹಿಡಿದ ಹಾಗೆ.
ಸರಿಯಿರುವ ರಿಮೋಟಿನ ಇಂಚರಳ ಸಾಲು
ಹಾವು ಹರಿದ ಹಾಗೆ.

ರಾತ್ರಿ ಪಾಳಿ. ಗಾಡಿ ಬಾರದ ಹೊತ್ತಿನಲ್ಲಿ
ಹಾಳು ಚೀಟಿಯೊಂದರ ಬೆನ್ನಿಗೆ ಬರೆಯುತ್ತೇನೆ,
ತುಂಬಿದ್ದು ಇಷ್ಟು, ಖಾಲಿ ಇಷ್ಟು.
ಅಲ್ಲಿಗೆ ಪೆನ್ನು ನಿಲ್ಲುತ್ತದೆ.
ಪೆಟ್ಟಿಗೆ ಬರುವ ಮುಂಚಿನ ಮನೆಯನ್ನು
ನಾನು ತೂಗಿಯೇ ಇರಲಿಲ್ಲ.
ವಾಪಸು ಕೊಟ್ಟರೆ ಎಂಟು ಸಾವಿರ ಕೊಡುತ್ತಾನಂತೆ.
ಆಮೇಲೆ ಮನೆ ಪ್ಲೇಟಿನ ಮೇಲೆ ಬಂದು ನಿಂತರೆ
ಹಳೆಯ ಅಂಕಿಯೇ ತೋರುತ್ತದೆಂದು
ಸಹಿ ಹಾಕಿ ಕೊಡಲಾರೆ ಯಾರಿಗೂ.
ಸೋಮವಾರ ಎರಡನೆಯ ಕಂತು.

ಹಾರನ್ನು. ಮಂಜಿನಲ್ಲಿ ಟ್ರ್ಯಾಕ್ಟರೊಂದು
ಪ್ಲೇಟಿನ ಮೇಲೆ ಹತ್ತಿ ನಿಂತಿದೆ.
"ಇಳಿಯಪ್ಪಾ ಕೆಳಕ್ಕೆ" ಎಂದು ಕಿಂಡಿಯಿಂದ ಕೂಗುತ್ತೇನೆ,
"ಒಳಗೆ ನೀನೂ ಕೂತ್ಕಂಡಿದ್ರೆ
ತೂಕ ಹೆಂಗ್ ಸರಿಯಾಗ್ ಬರ್ತದೆ?"